ಇನ್ನೂರ ಅರವತ್ತಾರು ಮಣಿಗಳು

ಭಕ್ತಿ ಹೆಚ್ಚಾಗಿ ಜಪಮಾಲೆ ಹರಿದದ್ದನ್ನು ಯಾರೂ ಕಂಡಿಲ್ಲ. ಜಗಳ ಹೆಚ್ಚಾಗಿ ಮೂರು ಮಾಲೆಗಳು ಒಂದೇ ಸಲ ಹರಿದದ್ದನ್ನು ಮಾತ್ರ ಆ ಕಟ್ಟಡದವರೆಲ್ಲ ಕಣ್ಣಾರೆ ಕಂಡರು.

ಮೂರು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಬೀದಿಗೆ ಮುಖ ಮಾಡಿದ ಮೂಲೆ ಅಂಗಡಿಯೊಂದು ಮೂರು ವರ್ಷದಿಂದ ಖಾಲಿ ಬಿದ್ದಿತ್ತು. ಕಟ್ಟಡದ ಸಮಿತಿಯಲ್ಲಿ ಇದ್ದದ್ದು ಮೂವರು. ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ದನಿ ನಿವೃತ್ತವಾಗದ ಟೀಚರಮ್ಮನಿಗೆ ಅಲ್ಲಿ ವಾಚನಾಲಯ ಆಗಬೇಕು. ನೆಲಮಹಡಿಯ ಬೇಕರಿ ಸಾಹೇಬರಿಗೆ ಹಸಿದವರಿಗೆ ಬ್ರೆಡ್ಡು ಹಂಚುವ ಜಾಗ ಆಗಬೇಕು. ಎದುರು ಆಸ್ಪತ್ರೆಯ ಕ್ರೈಸ್ತ ಸನ್ಯಾಸಿನಿ ಸಿಸ್ಟರ್‌ಗೆ ಬಡವರ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆ ಆಗಬೇಕು. ಮೂರೂ ಪುಣ್ಯದ ಕೆಲಸ. ಹಾಗಾಗಿಯೇ ಯಾರೂ ಒಂದಿಂಚು ಬಿಟ್ಟುಕೊಡಲಿಲ್ಲ. ಪಾಪದ ಕೆಲಸವಾಗಿದ್ದರೆ ಅರ್ಧ ಗಂಟೆಯಲ್ಲಿ ರಾಜಿಯಾಗುತ್ತಿತ್ತು.

ಹಿಂದಿನ ದಿನದ ಸಭೆಯಲ್ಲಿ ಮೂವರೂ ಮಾಲೆ ಹಿಡಿದ ಕೈಯಲ್ಲೇ ಒಂದೇ ಮೇಜನ್ನು ಗುದ್ದಿದರು. ಮಾಲೆಗೆ ಮಾಲೆ ಸಿಕ್ಕಿಕೊಂಡಿತು. ‘ಬಿಡ್ರೀ’ ಎಂದು ಮೂವರೂ ಎಳೆದರು. ಮೂರೂ ಮಾಲೆಗಳು ಒಟ್ಟಿಗೆ ಪ್ರಾಣ ಬಿಟ್ಟವು. ಮೇಜಿನ ಕೆಳಗೆ ಮೊಣಕಾಲೂರಿ ಮಣಿ ಹೆಕ್ಕುವಾಗ ಮಾತ್ರ ಮೂವರ ತಲೆಗಳೂ ಒಂದೆಡೆ ಸೇರಿದವು, ಅದೂ ಢಿಕ್ಕಿ ಹೊಡೆದು.

ಮರುದಿನ ಬೆಳಿಗ್ಗೆ ಆ ಮಣಿಗಳೆಲ್ಲ ಒಂದೇ ಕರವಸ್ತ್ರದ ಗಂಟಿನಲ್ಲಿ ಮುಳ್ಳಣ್ಣನ ಮುಂದೆ ಬಂದು ಕೂತವು.

ಮುಳ್ಳಣ್ಣ ಗಡಿಯಾರ ರಿಪೇರಿಯವನು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತು ವರ್ಷ ಮುಳ್ಳು ಕೂರಿಸಿದ ಮೇಲೆ ಅದನ್ನು ಕರೆಯುವವರು ಉಳಿದಿರಲಿಲ್ಲ. ಅವನ ಅಂಗಡಿ ಮೆಟ್ಟಿಲ ಕೆಳಗಿನ ಗೂಡು. ಯಾರಾದರೂ ಮಹಡಿ ಹತ್ತಿದರೆ ಬಿಚ್ಚಿಟ್ಟ ಗಡಿಯಾರದ ಹೊಟ್ಟೆಗೆ ನೇರವಾಗಿ ದೂಳು ಬೀಳುತ್ತಿತ್ತು. ಮೂಲೆ ಅಂಗಡಿಗೆ ಅರ್ಜಿ ಹಾಕಿದ್ದವನು ಅವನೊಬ್ಬನೇ. ಈ ಸಂಜೆ ಐದರ ಸಭೆಯಲ್ಲೂ ಮೂವರಿಗೆ ಒಮ್ಮತ ಬರದಿದ್ದರೆ ಅಂಗಡಿ ಅವನಿಗೇ ಎಂದು ಬರಹದಲ್ಲೇ ತೀರ್ಮಾನವಾಗಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರೆ. ಇಲ್ಲಿ ಜಗಳವಾಡುವವರು ಮೂವರು. ಲಾಭವೂ ಅಷ್ಟೇ ದೊಡ್ಡದು ಎಂದು ಅವನ ಲೆಕ್ಕ.

“ಸಂಜೆ ಐದಕ್ಕೆ ಬೇಕು,” ಎಂದರು ಟೀಚರಮ್ಮ. “ನನ್ನದು ನೂರೆಂಟು ಮಣಿ. ದಪ್ಪಗಿರೋದು ಮೇರು, ಅದು ಲೆಕ್ಕಕ್ಕಿಲ್ಲ. ಜಪ ಮಾಡ್ತಾ ಮೇರು ಬಂದರೆ ದಾಟಬಾರದು, ಮಾಲೆ ತಿರುಗಿಸಿಕೊಂಡು ಹಿಂದಕ್ಕೇ ಹೋಗಬೇಕು.”

ಪಕ್ಕದಲ್ಲೇ ನಿಂತಿದ್ದ ಸಾಹೇಬರು ಟೀಚರಮ್ಮನ ಜೊತೆ ಮಾತು ಬಿಟ್ಟಿದ್ದರು. ಹಾಗಾಗಿ ಮುಳ್ಳಣ್ಣನಿಗೆ ಹೇಳಿದರು, “ಹಿಂದಕ್ಕೆ ಹೋಗೋದು ಅವರಿಗೆ ಮೊದಲಿಂದ್ಲೂ ಅಭ್ಯಾಸ ಅಂತ ಹೇಳಪ್ಪ. ಮೀಟಿಂಗಲ್ಲೂ ಅಷ್ಟೇ. ನಮ್ಮ ತಸ್ಬೀಲಿ ತೊಂಬತ್ತೊಂಬತ್ತು. ಮೂವತ್ಮೂರಕ್ಕೊಂದು ಚಪ್ಪಟೆ ಮಣಿ ಬರುತ್ತೆ, ಕೊನೇಲಿ ಒಂದು ಉದ್ದದ್ದು.”

“ಅವರು ಮೂವತ್ಮೂರಕ್ಕೊಮ್ಮೆ ನಿಲ್ತಾರೆ, ನಾವು ಹತ್ತಕ್ಕೊಮ್ಮೆ ನಿಲ್ತೀವಿ,” ಎಂದರು ಸಿಸ್ಟರ್, ಅವರೂ ಮುಳ್ಳಣ್ಣನಿಗೇ. “ನನ್ನ ಜಪಸರದಲ್ಲಿ ಐವತ್ತೊಂಬತ್ತು, ತುದಿಗೆ ಶಿಲುಬೆ. ನಿಂತು ಯೋಚನೆ ಮಾಡೋದು ಒಳ್ಳೇದು ಅಂತ ಇಬ್ಬರಿಗೂ ಹೇಳಿ.”

“ಹೇಳ್ತೀನಿ, ಹೇಳ್ತೀನಿ,” ಎಂದ ಮುಳ್ಳಣ್ಣ. ಜಗಳ ಗಟ್ಟಿಮುಟ್ಟಾಗಿದೆ ಎಂದು ಒಳಗೊಳಗೇ ಹಿಗ್ಗಿ ಗಂಟು ಬಿಚ್ಚಿದ.

ಬಿಚ್ಚಿದವನ ಹಿಗ್ಗು ಅಲ್ಲೇ ತಗ್ಗಿತು. ಮೇರು, ಚಪ್ಪಟೆ ಮಣಿಗಳು, ಉದ್ದನೆಯದು, ಶಿಲುಬೆ, ಇವು ಸುಲಭವಾಗಿ ಗುರುತಾದವು. ಉಳಿದ ಇನ್ನೂರ ಅರವತ್ತಾರೂ ಒಂದೇ ಗಾತ್ರ, ಒಂದೇ ಕಂದು ಬಣ್ಣ, ಬೆರಳು ತಾಗಿ ತಾಗಿ ಬಂದ ಒಂದೇ ಹೊಳಪು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದ. ದೊಡ್ಡದಾಗಿ ಕಂಡವೇ ಹೊರತು ಬೇರೆಯಾಗಿ ಕಾಣಲಿಲ್ಲ.

ಅಷ್ಟರಲ್ಲಿ ಸಲೂನಿನವನು ಬಂದ. ಅಂಗೈಯಗಲ ಮೀಸೆ, ಅದರ ಮೇಲೊಂದು ಹೆಸರಾಂತ ಮೂಗು. ಯಾವ ಗಿರಾಕಿ ಯಾವ ಎಣ್ಣೆ ಹಚ್ಚುತ್ತಾನೆಂದು ಬಾಗಿಲಲ್ಲೇ ಹೇಳುವ ಮೂಗು ಅದು.

“ಕಣ್ಣಲ್ಲಿ ಏನು ಹುಡುಕ್ತೀಯ ಮಾರಾಯ? ಈ ಕಡೆ ಕೊಡು,” ಎಂದು ಒಂದು ಮಣಿ ಎತ್ತಿ ಮೂಸಿದ. “ಬೆಣ್ಣೆ, ಸಕ್ಕರೆ. ಸಾಹೇಬರದು.” ಇನ್ನೊಂದು. “ಗಾಯದ ಔಷಧಿ. ಸಿಸ್ಟರದು.” ಮತ್ತೊಂದು. “ಮಂಡಿನೋವಿನ ಮುಲಾಮು. ಟೀಚರಮ್ಮ!”

ಮುಳ್ಳಣ್ಣನಿಗೆ ಹೋದ ಜೀವ ಬಂತು. ಇಬ್ಬರೂ ಎರಡು ಗಂಟೆ ಕೂತರು. ಒಬ್ಬ ಮೂಸುತ್ತಾ ಹೋದ, ಇನ್ನೊಬ್ಬ ಎಣಿಸುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಮೂರು ತಟ್ಟೆಗಳಲ್ಲಿ ನೂರೆಂಟು, ತೊಂಬತ್ತೊಂಬತ್ತು, ಐವತ್ತೊಂಬತ್ತು! ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಮುಳ್ಳಣ್ಣ ಸಲೂನಿನವನ ಮೂಗಿಗೆ ಕೈಮುಗಿದು ಗಟ್ಟಿ ದಾರ ತರಲು ಪೇಟೆಗೆ ಹೋದ.

ಮರಳಿ ಬಂದರೆ ತಟ್ಟೆಗಳು ಖಾಲಿ.

“ಗಾಬರಿ ಬೀಳಬೇಡ ಅಣ್ಣಾ,” ಎಂದು ಪಕ್ಕದಂಗಡಿಯ ಟೈಲರಕ್ಕ ನಗುನಗುತ್ತಾ ಬಂದಳು. ಪರೋಪಕಾರ ಮಾಡದೆ ಆಕೆಗೆ ತಿಂದ ಅನ್ನ ಅರಗುತ್ತಿರಲಿಲ್ಲ. “ದೇವರ ಸಾಮಾನು, ಹೀಗೆ ಮೆಟ್ಟಿಲ ದೂಳಲ್ಲಿ ಇಡ್ತಾರಾ? ಎಲ್ಲಾ ಒಂದೇ ಬಕೆಟ್ಟಿಗೆ ಹಾಕಿ, ಸೋಪಿನ ನೀರಲ್ಲಿ ತಿಕ್ಕಿ ತೊಳೆದು, ಟವೆಲ್ ಮೇಲೆ ಒಣಹಾಕಿದ್ದೀನಿ. ಹೇಗೆ ಫಳಫಳ ಅಂತಿವೆ ನೋಡು!”

ಮುಳ್ಳಣ್ಣ ಕೀಲಿ ಮುಗಿದ ಗಡಿಯಾರದ ಹಾಗೆ ನಿಂತುಬಿಟ್ಟ. ಸಲೂನಿನವನು ಓಡಿಬಂದು ಟವೆಲ್ಲಿಗೆ ಮುಖ ಹುದುಗಿಸಿ ಈ ತುದಿಯಿಂದ ಆ ತುದಿಗೆ ಮೂಸಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ಸೋತವರ ಕಳೆ ಇತ್ತು.

“ಮೂರೂ ಧರ್ಮದಲ್ಲಿ ಈಗ ಇರೋದು ನಿಂಬೆಹಣ್ಣೊಂದೇ ಕಣೋ.”

ಎಣಿಸಿದರು. ಇನ್ನೂರ ಅರವತ್ತೈದು.

ಮತ್ತೆ ಎಣಿಸಿದರು. ಹಟ ಹಿಡಿದವರ ಹಾಗೆ ಅದೇ ಇನ್ನೂರ ಅರವತ್ತೈದು.

“ಅಕ್ಕಾ, ನೀರು ಎಲ್ಲಿ ಚೆಲ್ಲಿದೆ?” ಎಂದು ಮುಳ್ಳಣ್ಣ ಅಳುವ ದನಿಯಲ್ಲಿ ಕೇಳಿದ. ಚೆಲ್ಲಿದ ಮೋರಿಯ ಕೊಳವೆ ಬಿಚ್ಚಿದರು. ನಾಲ್ಕು ಗುಂಡಿ, ಒಂದು ಸೂಜಿ, ಆಕೆ ಎರಡು ವರ್ಷದ ಹಿಂದೆ ಕಳೆದುಕೊಂಡು ನಾದಿನಿಯ ಮೇಲೆ ಹೊರಿಸಿದ್ದ ಕಿವಿಯೋಲೆ, ಎಲ್ಲ ಸಿಕ್ಕವು. ಮಣಿ ಸಿಗಲಿಲ್ಲ. ಓಲೆ ಸಿಕ್ಕ ಸಂತೋಷವನ್ನು ತೋರಿಸಿಕೊಳ್ಳಲಾಗದೆ, ನಾದಿನಿಗೆ ಏನು ಹೇಳುವುದೆಂದು ಹೊಳೆಯದೆ, ಟೈಲರಕ್ಕನೂ ಕಣ್ಣೊರೆಸಿಕೊಂಡಳು.

ಗಂಟೆ ಮೂರೂವರೆ. ಅಂಗಡಿಯ ಗೋಡೆಯಲ್ಲಿದ್ದ ಹದಿನಾಲ್ಕು ಗಡಿಯಾರಗಳೂ ಒಟ್ಟಾಗಿ ಅದನ್ನೇ ಹೇಳಿದವು.

ಸೋಪಿನ ಖಾರಕ್ಕೋ ಏನೋ, ಅಷ್ಟು ಹೊತ್ತು ತಡೆದುಕೊಂಡಿದ್ದ ಸಲೂನಿನವನು ಆಗ ಒಮ್ಮೆ ಸೀನಿದ. ಕಟ್ಟಡ ಅದುರುವಂಥ ಸೀನು. ಅವನ ಮೀಸೆಯ ಪೊದೆಯಿಂದ ಏನೋ ಸಿಡಿದು ಗಡಿಯಾರದ ಗಾಜಿಗೆ ‘ಟಣ್’ ಎಂದು ಬಡಿದು ಮೇಜಿನ ಮೇಲೆ ಉರುಳಿತು.

“ಇನ್ನೂರ ಅರವತ್ತಾರು!” ಎಂದು ಮುಳ್ಳಣ್ಣ ಕಿರುಚಿದ.

ಆಮೇಲೆ ಅವನು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಚಿಮುಟದಲ್ಲಿ ಮಣಿ ಹಿಡಿದು, ದಾರದ ತುದಿಗೆ ಮೇಣ ಸವರಿ, ಒಂದೊಂದಾಗಿ ಪೋಣಿಸಿದ. ಯಾರ ಮಣಿ ಯಾರ ಮಾಲೆಗೆ ಎಂಬುದನ್ನು ಬಿಟ್ಟುಬಿಟ್ಟ. ಲೆಕ್ಕ ಮಾತ್ರ ಬಿಡಲಿಲ್ಲ. ನೂರೆಂಟಕ್ಕೆ ಮೇರು ಕಟ್ಟಿದ. ಮೂವತ್ಮೂರಕ್ಕೊಂದು ಚಪ್ಪಟೆ ಮಣಿ ಕೂರಿಸಿದ. ಹತ್ತರ ಗುಂಪಿನ ಆಚೀಚೆ ಸಣ್ಣ ಗಂಟು ಬಿಟ್ಟು ಶಿಲುಬೆ ತೂಗಿಸಿದ. ಕೊನೆಯ ಗಂಟು ಬಿಗಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಹುಟ್ಟಿದಾಗಿನಿಂದ ಇಷ್ಟು ಚೆಂದದ ಕೆಲಸ ತಾನು ಮಾಡಿಲ್ಲ ಎನಿಸಿತು ಅವನಿಗೆ.

ಸಭೆ ಇದ್ದದ್ದು ಅದೇ ಖಾಲಿ ಮೂಲೆ ಅಂಗಡಿಯಲ್ಲಿ. ಮೂರು ಕುರ್ಚಿ, ಒಂದು ಮೇಜು. ಬಾಗಿಲಲ್ಲಿ ಕಟ್ಟಡದ ಅರ್ಧ ಜನ. ಮೂವರೂ ಮಾಲೆ ಕೈಗೆತ್ತಿಕೊಂಡರು, ಹೆಬ್ಬೆರಳಲ್ಲಿ ಸರಿಸಿದರು, ಎಣಿಸಿದರು. ಲೆಕ್ಕ ಸರಿ.

“ಇದೇ ನಂದು,” ಎಂದರು ಸಾಹೇಬರು. “ನಲವತ್ತು ವರ್ಷ ಹಿಡಿದ ಬೆರಳಿಗೆ ಗೊತ್ತಾಗಲ್ವಾ?”

“ನನಗೂ ಅಷ್ಟೆ, ಕತ್ತಲಲ್ಲಿ ಕೊಟ್ಟರೂ ಹೇಳ್ತೀನಿ,” ಎಂದರು ಸಿಸ್ಟರ್.

ಟೀಚರಮ್ಮ ಮೇರುವಿನ ಪಕ್ಕದ ಮಣಿಯನ್ನು ಮೆಲ್ಲನೆ ಸವರಿದರು. ಗಡಸು ದನಿ ಒದ್ದೆಯಾಯಿತು. “ಇದು ನೋಡು ಮುಳ್ಳಣ್ಣ, ನಮ್ಮತ್ತೆ ಕಾಲದ ಮಣಿ. ಇದನ್ನ ಹಿಡಿದರೆ ಅವರ ಕೈ ಹಿಡಿದ ಹಾಗೇ ಆಗುತ್ತೆ ನನಗೆ.”

ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿದು ಹೋಗುತ್ತಿತ್ತು. ಸಲೂನಿನವನು ಹಿಂದಿನಿಂದ ಮುಳ್ಳಣ್ಣನ ಜುಬ್ಬ ಜಗ್ಗಿದ. ಆದರೆ ಒಂದು ಗಡಿಯಾರದ ಚಕ್ರವನ್ನು ಇನ್ನೊಂದಕ್ಕೆ ಹಾಕಿ ‘ನಿಮ್ಮದೇ’ ಎಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೇಳಿದವನಲ್ಲ ಮುಳ್ಳಣ್ಣ. ಆ ಒದ್ದೆ ದನಿ ಕೇಳಿ ಕೈಮುಗಿದ.

“ಟೀಚರಮ್ಮ, ತಪ್ಪಾಯ್ತು. ಅದು ನಿಮ್ಮತ್ತೆಯವರದೋ ಅಲ್ಲವೋ ನಂಗೊತ್ತಿಲ್ಲ. ಮಣಿಗಳೆಲ್ಲ ಬೆರೆತುಹೋದವು. ಲೆಕ್ಕ ಒಂದೇ ಸರಿ. ಯಾರದು ಯಾರ ಕೈಲಿದೆಯೋ ಆ ಭಗವಂತನೇ ಹೇಳಬೇಕು.”

ಬಾಗಿಲಲ್ಲಿದ್ದ ಟೈಲರಕ್ಕ ಗುಂಪಿನ ಹಿಂದಕ್ಕೆ ಸರಿದಳು. ಟೀಚರಮ್ಮ ಮಣಿಯನ್ನೇ ನೋಡುತ್ತಾ ಕೇಳಿದರು:

“ಹಾಗಾದರೆ ನಾನೀಗ ಹಿಡಿದದ್ದು ಯಾರ ಕೈ?”

ಸಾಹೇಬರು ಗಡ್ಡ ಸವರಿಕೊಂಡರು. ಮೂರು ತಿಂಗಳಲ್ಲಿ ಮೊದಲ ಸಲ ನೇರವಾಗಿ ಟೀಚರಮ್ಮನಿಗೇ ಹೇಳಿದರು, “ನಮ್ಮ ಅಬ್ಬಾದು ಇರಬಹುದು ಮೇಡಂ. ಒಳ್ಳೇ ಮನುಷ್ಯ, ಹೆದರಬೇಡಿ.”

ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. ಟೀಚರಮ್ಮನಿಗೂ ಆಗಲಿಲ್ಲ. ಮೂವರೂ ನಕ್ಕರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅದೇ ಮೇಜಿನ ಮೇಲೆ ಮಾಲೆಗಳನ್ನಿಟ್ಟು ನೋಡತೊಡಗಿದರು. ನೀವು ತೋರುಬೆರಳು ತಾಗಿಸೋದಿಲ್ವಾ? ನಿಮ್ಮಲ್ಲಿ ಪ್ರತಿ ಹತ್ತಕ್ಕೂ ಒಂದು ಕತೆ ನೆನೆಸ್ಕೋತೀರಾ? ಮಾಲೆ ಇಲ್ಲದಿದ್ದರೆ ಬೆರಳ ಗೆಣ್ಣು ಎಣಿಸ್ತೀರಾ, ನಾವೂ ಹಾಗೇ! ಕೊನೆಗೆ ಯಾರೂ ಹೇಳದೆ ಮೂವರೂ ಕಣ್ಣು ಮುಚ್ಚಿ, ತಂತಮ್ಮ ದೇವರನ್ನು ನೆನೆಯುತ್ತಾ ಮಣಿ ಸರಿಸತೊಡಗಿದರು. ಐದು ನಿಮಿಷ ಆ ಕೋಣೆಯಲ್ಲಿ ಮಣಿಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಕಣ್ಣು ತೆರೆದ ಟೀಚರಮ್ಮ ನೆಟ್ಟಗೆ ಮುಳ್ಳಣ್ಣನ ಕಡೆ ತಿರುಗಿದರು. “ನೀನು ದೊಡ್ಡ ಮನುಷ್ಯ ಕಣಪ್ಪ. ನಮ್ಮ ಕಣ್ಣು ತೆರೆಸಿದೆ. ಈ ಅಂಗಡಿ ಯಾರಿಗೆ ಸೇರಬೇಕು ಅಂತ ಈಗ ಗೊತ್ತಾಯ್ತು.”

ಮುಳ್ಳಣ್ಣ ನಾಚಿ ತಲೆ ತಗ್ಗಿಸಿದ. ಬೀದಿಯ ಬೆಳಕು ಅವನ ಕಾಲಬುಡದ ತನಕ ಬಂದಿತ್ತು. ಮೇಜು ಈ ಕಡೆ, ಗಡಿಯಾರಗಳು ಆ ಗೋಡೆಗೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

“ವಾಚನಾಲಯವೂ ಬೇಡ, ಬ್ರೆಡ್ಡೂ ಬೇಡ, ಪಟ್ಟಿಯೂ ಬೇಡ,” ಎಂದರು ಸಾಹೇಬರು.

“ಯಾವ ಧರ್ಮದವರೇ ಬರಲಿ, ಹೀಗೆ ಸುಮ್ಮನೆ ಕೂತು ಪ್ರಾರ್ಥನೆ ಮಾಡೋಕೆ ಒಂದು ಕೋಣೆ. ಈಗಿರೋ ಹಾಗೇ ಇರಲಿ,” ಎಂದರು ಸಿಸ್ಟರ್. “ಒಮ್ಮತ ತಾನೆ?”

“ಒಮ್ಮತ!” ಎಂದರು ಮೂವರೂ ಒಂದೇ ದನಿಯಲ್ಲಿ.

ಕಟ್ಟಡವೇ ಬಿದ್ದುಹೋಗುವಂತೆ ಚಪ್ಪಾಳೆ ಬಿತ್ತು. ಸಲೂನಿನವನು ಮುಳ್ಳಣ್ಣನನ್ನು ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ಮೂರು ಸುತ್ತು ಕುಣಿದ. ಮೂರು ವರ್ಷದ ಜಗಳವನ್ನು ಒಂದೇ ದಿನದಲ್ಲಿ ರಿಪೇರಿ ಮಾಡಿದ ಎಂದು ಜನ ಜೈಕಾರ ಹಾಕಿದರು. ಟೈಲರಕ್ಕ ಮುಂದೆ ಬಂದು, “ತೊಳೆದದ್ದು ನಾನೇ!” ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಆ ಗದ್ದಲದ ನಡುವೆ ಹೆಗಲ ಮೇಲಿದ್ದವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

“ರೀ, ಏನು ಅಷ್ಟೊಂದು ಚಪ್ಪಾಳೆ? ಅಂಗಡಿ ಸಿಕ್ತಾ?”

“ಇಲ್ಲ ಕಣೇ.”

“ಅಯ್ಯೋ ದೇವರೇ!”

“ಹ್ಞೂಂ,” ಎಂದ ಮುಳ್ಳಣ್ಣ, “ಅವರಿಗೇ ಸಿಕ್ಕಿದ್ದು.”