‘ಹಣ ಹಿಂಪಡೆಯಿರಿ’ ಎಂಬ ಹಸಿರು ಬಟನ್ ಅವರಿಗೆ, ಲಿಫ್ಟ್ ಮೆಕ್ಯಾನಿಕ್ ಒಬ್ಬನ ಬಿನ್ನಹ

ನನ್ನ ಫೋನಿನಲ್ಲಿ ಬಿಡಾರ ಹೂಡಿರುವ, ನಿವೃತ್ತಿ ನಿಧಿ ಆ್ಯಪ್‌ನ ಹಸಿರು ಬಟನ್ ಅವರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ದಿನಕ್ಕೆ ಹತ್ತಾರು ಸಲ ತೆರೆದು ನೋಡುತ್ತಿದ್ದೇನೆ. ಮಾರುಕಟ್ಟೆ ಕುಸಿದು, ನಾನು ಆಯುಷ್ಯವಿಡೀ ಲಿಫ್ಟ್ ರಿಪೇರಿ ಮಾಡಿ ಕೂಡಿಟ್ಟ ಹಣ ಕರಗುತ್ತಿರುವಾಗಲೂ ತಮ್ಮ ಮೈಬಣ್ಣ ಒಂದಿಷ್ಟೂ ಮಾಸಿಲ್ಲ. ಅಕ್ಕಪಕ್ಕದ ಅಂಕಿಗಳೆಲ್ಲ ಕೆಂಪಗಾಗಿ ಕುಳಿತಿದ್ದರೆ, ತಾವೊಬ್ಬರೇ ಮದುವೆಮನೆಯ ಬಾಗಿಲಲ್ಲಿ ನಿಂತವರಂತೆ ‘ಬನ್ನಿ, ಬನ್ನಿ’ ಎನ್ನುತ್ತಿದ್ದೀರಿ. ಇಂಥ ಉಪಚಾರ ನನಗೆ ಅತ್ತೆಮನೆಯಲ್ಲೂ ಸಿಕ್ಕಿದ್ದಿಲ್ಲ.

ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿದೆ. ಆಮೇಲೆ ನಾನೂ ಹೆಂಡತಿಯೂ ಉಣ್ಣಬೇಕಾದದ್ದು ಈ ಹಣದಿಂದಲೇ. ಈಗ ತೆಗೆದರೆ ನಷ್ಟ ಖಾಯಂ, ಮೇಲೆ ದಂಡ ಬೇರೆ. ತೆಗೆಯದಿದ್ದರೆ ಇನ್ನೂ ಇಳಿದೀತೆಂಬ ಭಯ. ಭಾವಮೈದುನ ದಿನಾ ಬೆಳಿಗ್ಗೆ ಟೀವಿ ವಾರ್ತೆ ಮುಗಿಸಿ ಫೋನ್ ಮಾಡಿ, ಸಿಕ್ಕಷ್ಟು ಬಾಚಿಕೊಳ್ಳಲು ಹೇಳುತ್ತಾನೆ. ಎಲ್ಲವನ್ನೂ ತೆಗೆದು ಬೀರುವಿನಲ್ಲಿಟ್ಟಿರುವ ನಮ್ಮ ಸೂಪರ್‌ವೈಸರು, ಬೀಗ ಹಾಕಿದೆನೋ ಇಲ್ಲವೋ ಎಂದು ಕೆಲಸದ ನಡುವೆ ಮನೆಗೆ ಓಡುತ್ತಾನೆ. ದುಡ್ಡು ಕೈಗೆ ಬಂದಿದೆ, ನಿದ್ದೆ ಮಾತ್ರ ಬಂದಿಲ್ಲ.

ಕಳೆದ ವಾರ ನಾನೂ ಧೈರ್ಯ ಮಾಡಿ ತಮ್ಮನ್ನು ಒತ್ತಿಯೇಬಿಟ್ಟೆ. ನಾವು ಲಿಫ್ಟ್ ಕೆಲಸದವರು ಯಾವ ಬಟನ್ನನ್ನೂ ಒಮ್ಮೆ ಒತ್ತಿ ಸುಮ್ಮನಾಗುವವರಲ್ಲ. ಒಳಗಿನ ಸ್ಪ್ರಿಂಗ್ ನೆಟ್ಟಗಿದೆಯೇ ಎಂದು ಟಕ, ಟಕ, ಟಕ ಒತ್ತಿ ನೋಡುವುದು ಬೆರಳಿಗೆ ಅಂಟಿದ ಚಾಳಿ. ತಾವು ಅದನ್ನು ಕಳ್ಳನ ಕೈಚಳಕವೆಂದು ಬಗೆದು, ಗುರುತು ಖಚಿತವಾಗುವವರೆಗೆ ಒಂದು ವಾರ ನನ್ನ ಖಾತೆಯನ್ನೇ ಮುಚ್ಚಿಸಿದಿರಿ. ನನ್ನ ದುಡ್ಡಿಗೆ ನನ್ನನ್ನೇ ಕಳ್ಳನನ್ನಾಗಿಸಿದ ತಮ್ಮ ಜಾಣತನಕ್ಕೆ ಬಹಿರಂಗ ಸನ್ಮಾನ ಸಲ್ಲಬೇಕು.

ಮನೆಯಲ್ಲಿ ಕೂಗಾಡಿದೆ. ಬಟ್ಟೆ ಮಡಚುತ್ತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಹೋದಾಗ ಒಳಗಿನವರಿಗೆ ನಾನು ಹೇಳುವ ಮಾತು ಅವಳಿಗೆ ಬಾಯಿಪಾಠ. “ಬಾಗಿಲು ಮೀಟಿ ಹಾರಿದವರಿಗೇ ಏಟಾಗೋದು, ಒಳಗೆ ಕೂತವರಿಗಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ, ನೀವೂ ಸ್ವಲ್ಪ ಕೂತ್ಕೊಳ್ಳಿ” ಎಂದಳು. ಕೂತೆ. ಎರಡು ವರ್ಷ ಸಂಬಳ ಬರುತ್ತದೆ, ಅಲ್ಲಿಯವರೆಗೆ ಆ ಹಣ ನಮಗೆ ಬೇಕಾಗಿಯೇ ಇಲ್ಲ ಎಂಬುದು ಕೂತ ಮೇಲೆ ಹೊಳೆಯಿತು. ನಾಚಿಕೆಯಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು; ಅಂದು ಊಟ ರುಚಿಸಿತು.

ಆದಕಾರಣ ತಮ್ಮಲ್ಲಿ ವಿನಂತಿ: ಮಾರುಕಟ್ಟೆ ಬಿದ್ದ ದಿನ ತಾವು ಸಾಸಿವೆಕಾಳಿನಷ್ಟು ಚಿಕ್ಕವರಾಗಬೇಕು, ಬೆರಳು ಸಮೀಪಿಸಿದರೆ ನಾಚಿ ಪಕ್ಕಕ್ಕೆ ಸರಿಯಬೇಕು, ಒತ್ತಿದವನನ್ನು ಮೊದಲು ಊಟವಾಯಿತೇ, ಮನೆಯಾಕೆಯನ್ನು ಕೇಳಿದಿರಾ ಎಂದು ವಿಚಾರಿಸಬೇಕು, ಭಾವಮೈದುನ ಲೈನಿನಲ್ಲಿರುವಾಗ ಕಿವುಡಾಗಬೇಕು. ಇಂದು ಖಾತೆ ತೆರೆದಿದೆ, ತಾವು ಮತ್ತೆ ಹಸಿರಾಗಿ ನಿಂತಿದ್ದೀರಿ. ಒತ್ತುವುದಿಲ್ಲವೆಂದು ತೀರ್ಮಾನಿಸಿದ್ದೇನೆ, ಆದರೂ ಕೈ ಅತ್ತಲೇ ಹೋಗುತ್ತದೆ.

ಕುಸಿದು ಉಳಿದಷ್ಟು ವಿಶ್ವಾಸದೊಂದಿಗೆ,
ತಮ್ಮ ವಿಶ್ವಾಸಿ,
ಲಿಫ್ಟ್ ಮೆಕ್ಯಾನಿಕ್

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಖಾತೆಯ ಗುಪ್ತಸಂಖ್ಯೆಯನ್ನು ಹೆಂಡತಿ ಬದಲಾಯಿಸಿದ್ದಾಳೆ. ಹೊಸ ಸಂಖ್ಯೆ ಯಾವುದೆಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಇನ್ನು ತಮ್ಮ ಥಳಕು ಏನಿದ್ದರೂ ಅವಳ ಮುಂದೆ ತೋರಿಸಿ ನೋಡಿ.