ಅಪ್ಪನ ಎಡಗೆನ್ನೆ

ತೊಂದರೆ ಶುರುವಾದದ್ದು ಒಂದು ಸುಟ್ಟ ಗುರುತಿನಿಂದ. ಸಾನಪಾಡಾದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಅಪ್ಪನ ಕೆನ್ನೆಗೆ ಎಣ್ಣೆ ಸಿಡಿದು ಆದದ್ದು, ಹುರಿಗಡಲೆಯಷ್ಟು.

ಮೊದಲಿದ್ದ ಚಾಳಿನ ಮನೆಗೆ ಮಳೆನೀರು ನುಗ್ಗಿದಾಗ ತೀರಿಹೋದ ಅಪ್ಪನ ಫೋಟೋಗಳೆಲ್ಲ ಹೋಗಿದ್ದವು. "ಅವರ ಮುಖ ಒಮ್ಮೆ ನೋಡ್ಬೇಕಿತ್ತು" ಎಂದು ಅಮ್ಮ ರತ್ನಾವತಿ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರು. ಇವತ್ತು ಸಂಜೆ ಅವರು ಡೊಂಬಿವಲಿಯ ಮಗಳ ಮನೆಯಿಂದ ನೆರೂಳದ ಮಗನ ಮನೆಗೆ ಬರುವವರು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ನಿವೃತ್ತನಾದ ಮಗ ಶಂಭು ನೆನಪಿನಿಂದಲೇ ಪೆನ್ಸಿಲ್ ಚಿತ್ರ ಬರೆದಿಟ್ಟಿದ್ದ. ಆದರೆ ಪೆನ್ಸಿಲ್ಲು ಮುದುಕರಿಗೆ ಪೌಡರ್ ಹಚ್ಚುತ್ತದೆ. ಸುಕ್ಕು ಮೂಡಲು ಆಮ್ಲ ಕಚ್ಚಬೇಕು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಅದೇ ಮುಖ ಗೀರಿ, ಆಮ್ಲಕ್ಕಿಳಿಸಿ, ಮಸಿ ತುಂಬಿ ಕಾಗದಕ್ಕೆ ಒತ್ತಿದ. ಹಣೆಯ ಗೆರೆಗಳು ಈಗಷ್ಟೇ ಬೆವರಿದಂತಿದ್ದವು.

ಪಕ್ಕದ ಮನೆಯ ಪ್ರಫುಲ್ಲಾ ಎರಡನ್ನೂ ಜೋಡಿಸಿ ನೋಡಿದಳು. "ಶಂಭಣ್ಣ, ಪೆನ್ಸಿಲಿನಲ್ಲಿ ಕಲೆ ಬಲಗೆನ್ನೆಗೆ, ಇದರಲ್ಲಿ ಎಡಗೆನ್ನೆಗೆ! ಎಂತ ಮಾರಾಯ್ರೆ ಇದು?"

ಆಮ್ಲದ ವಾಸನೆಗೆ ಗ್ಯಾಸ್ ಲೀಕ್ ಎಂದುಕೊಂಡು ಮರಳಿನ ಬಕೆಟ್ ಹಿಡಿದು ಓಡಿಬಂದ ವಾಚ್‌ಮನ್ ಶಂಕ್ರೆಪ್ಪನೂ ಇಣುಕಿದ. "ಅಪ್ಪಾರು ರಾತ್ರಿ ಮಗ್ಗಲಾ ಬದಲಿಸ್ಯಾರೇನ್ರಿ ಸರ?"

ಶಂಭು ಹಣೆ ಚಚ್ಚಿಕೊಂಡ. ತಗಡಿನ ಮೇಲೆ ಗೀರಿದ್ದು ಕಾಗದದಲ್ಲಿ ಎಡ-ಬಲ ಅದಲುಬದಲಾಗಿ ಬರುತ್ತದೆ! ಆ ಪ್ರತಿಯನ್ನು ಹರಿದೆಸೆದ. ತಗಡನ್ನು ಉಜ್ಜಿ ನುಣ್ಣಗೆ ಮಾಡಿದ. ಪೆನ್ಸಿಲ್ ಚಿತ್ರವನ್ನು ವಾಶ್‌ಬೇಸಿನ್ನಿನ ಕನ್ನಡಿಗೆ ಹಿಡಿದು, ಮಧ್ಯಾಹ್ನವೆಲ್ಲ ಆ ಪ್ರತಿಬಿಂಬವನ್ನೇ ನೋಡುತ್ತ ಹೊಸದಾಗಿ ಗೀರಿದ. ಊಟ ತಪ್ಪಿತು, ಆಮ್ಲ ಲುಂಗಿಗೂ ಎರಡು ತೂತು ಕೊಟ್ಟಿತು. ಐದು ಗಂಟೆಗೆ ಎರಡೂ ಅಪ್ಪಂದಿರು ಬಲಗೆನ್ನೆಯಲ್ಲಿ ಒಂದಾದರು.

ಅಮ್ಮ ಬಂದರು, ಕನ್ನಡಕ ಒರೆಸಿ ನೋಡಿದರು.

"ಇವರಲ್ಲ ಮಗಾ. ಕಲೆ ಇದ್ದದ್ದು ಎಡಗೆನ್ನೆಗೆ. ನಾನೇ ಅಲ್ವಾ ಬೆಣ್ಣೆ ಹಚ್ಚಿದ್ದು!"

"ಇಲ್ಲಮ್ಮ, ನನಗೆ ಸರೀ ನೆನಪುಂಟು. ದಿನಾ ನೋಡ್ತಿದ್ದೆ."

"ಎಲ್ಲಿಂದ ನೋಡ್ತಿದ್ದಿ? ಅವರು ಗಡ್ಡ ತೆಗೆಯುವಾಗ ಬೆನ್ನ ಹಿಂದೆ ಕೂತು, ಕನ್ನಡಿಯಲ್ಲಿ!"

ಶಂಭು ಕಸದ ಬುಟ್ಟಿಯತ್ತ ನೋಡಿದ. ಬೆಳಗಿನ ಸರಿಯಾದ ಅಪ್ಪ ಅಲ್ಲಿ ಹದಿನಾರು ಚೂರಾಗಿದ್ದ.

ಅಮ್ಮ ಪೆನ್ಸಿಲ್ ಚಿತ್ರವನ್ನು ತಾವೇ ಎತ್ತಿಕೊಂಡು ಹೋಗಿ ಕನ್ನಡಿಗೆ ಹಿಡಿದರು. "ನೋಡು, ಇಲ್ಲಿದ್ದಾರೆ" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ಚಿತ್ರವನ್ನು ಕನ್ನಡಿಯ ಎದುರು ಗೋಡೆಗೇ ಮೊಳೆ ಹೊಡೆಸಿ ತೂಗಿಸಿದರು. ಕೆಳಗೊಂದು ಕುರ್ಚಿ ಹಾಕಿಸಿಕೊಂಡು ಕನ್ನಡಿಗೆ ಮುಖ ಮಾಡಿ ಕೂತರು.

ಮರುದಿನ ಬೆಳಿಗ್ಗೆ ಶಂಭು ರೇಜರ್ ಹಿಡಿದು ಬಂದ.

"ಆಚೆ ಸರಿ ಮಗಾ, ಅಪ್ಪ ಕಾಣೂದಿಲ್ಲ" ಎಂದರು ಅಮ್ಮ.

ಅರವತ್ತೊಂದರ ಶಂಭು, ಸೋಪಿನ ನೊರೆ ಒಣಗಿಸಿಕೊಳ್ಳುತ್ತ, ಅಪ್ಪನ ಸರದಿ ಮುಗಿಯಲೆಂದು ಕಾಯುತ್ತ ಪಕ್ಕದಲ್ಲಿ ನಿಂತ.