ತಿಳಿಯಾದ ಕರೆಂಟು

ನಮ್ಮ ಮನೆಯವರಿಗೆ ಕರೆಂಟಿನ ರುಚಿ ಗೊತ್ತಿತ್ತು! ನಗಬೇಡಿ. ಕೆಲವರು ನೀರು ಕುಡಿದು ಇದು ಬಾವಿಯದು, ಇದು ಬೋರಿನದು ಎನ್ನುವುದಿಲ್ಲವೆ? ಹಾಗೆಯೇ ಇವರು ಹಾಡು ಕೇಳಿ ಇದು ಕಂಬದಿಂದ ಬಂದ ಕರೆಂಟು, ಇದು ಬ್ಯಾಟರಿಯದು ಎಂದುಬಿಡುತ್ತಿದ್ದರು. ಕಂಬದ ಕರೆಂಟಾದರೆ ಹಾಡಿನ ಹಿಂದೆ ‘ಗುಂಯ್’ ಎಂಬ ಸದ್ದು ಇರುತ್ತದಂತೆ. ನಮ್ಮೂರು ಅಂತರಸಂತೆಯಲ್ಲಿ ಇನ್ಯಾರ ಕಿವಿಗೂ ಅದು ಬಿದ್ದಿರಲಿಲ್ಲ. ನನ್ನ ಕಿವಿಗೂ! ಅವರ ದೊಡ್ಡ ಕೊರಗೇ ಅದು.

“ನೀನೊಬ್ಳು ಹೂಂ ಅಂದ್ರೆ ಸಾಕು ಕಣೇ. ಊರೋರು ತಿಕ್ಲು ಅಂದ್ಕಂಡ್ರೂ ಚಿಂತೆ ಇಲ್ಲ.”

“ಕೇಳಿಸ್ದೇ ಎಂಗ್ರೀ ಹೂಂ ಅನ್ಲಿ?”

ಹೀಗಾಗಿ ನಮ್ಮ ಮನೆಯ ಹಾಡಿನ ಪೆಟ್ಟಿಗೆ, ಅಂದರೆ ಒಂದು ಆಂಪ್ಲಿಫೈಯರು, ಎರಡು ಸ್ಪೀಕರು, ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಟ್ರ್ಯಾಕ್ಟರು ಯಾವುದರಲ್ಲಿ ನಡೆಯುತ್ತಿತ್ತು ಎನ್ನುತ್ತೀರಾ? ನಡೆಯುತ್ತಿರಲಿಲ್ಲ! ಹತ್ತಿ ಬಿತ್ತುವ ಮುಂಚೆ ಹೊಲ ಉಳಲು ನನ್ನ ತಮ್ಮ ಬಂದ. ಕೀಲಿ ತಿರುಗಿಸಿ ತಿರುಗಿಸಿ ಸಾಕಾಗಿ ಒಳಗೆ ಬಂದ.

“ಬಾವ, ಬ್ಯಾಟ್ರಿ ಎಲ್ಲಿ?”

“ಹಾಡ್ತಾ ಅದೆ ಕಣ್ಲಾ. ಈ ಪದ ಮುಗೀಲಿ, ಕೂತ್ಕೊ.”

ತಮ್ಮ ಕೂತ. ಆ ಪದ ಮುಗಿಯಿತು, ಇನ್ನೊಂದು ಬಂತು. ಕಾಫಿ ಬಂತು. ಹೊಲ ಉತ್ತಿದ್ದು ಮಾತ್ರ ಮಾರನೆಯ ದಿನ!

ಒಮ್ಮೆ ನನಗೂ ಬುದ್ಧಿ ಹೊಳೆಯಿತು. “ಅಲ್ಲಾ ರೀ, ಆ ಬ್ಯಾಟ್ರೀನ ಚಾರ್ಜ್ ಮಾಡಾದು ಯಾವ್ದ್ರಲ್ಲಿ? ಅದೇ ಕಂಬದ್ ಕರೆಂಟಲ್ಲಿ ತಾನೇ?” ಸೋತರು ಎಂದುಕೊಂಡೆ. ಅವರು ಸೋಲುವವರೇ?

“ಹೊಳೆ ನೀರು ಬಗ್ಗಡವಾಗ್ ಬಂದ್ರೆ ಚೆಲ್ಬುಡ್ತೀಯಾ? ಬಿಂದ್ಗೇಲಿಟ್ಟು ತಿಳಿಯಾಗಕ್ ಬುಡಲ್ವಾ? ಇದೂ ಅಂಗೇ ಕಣೇ!”

ಅಂದಿನಿಂದ ಚಾರ್ಜ್ ಆದ ಬ್ಯಾಟರಿಗೆ ಒಂದು ಹಗಲು ಪೂರ್ತಿ ವಿಶ್ರಾಂತಿ. ರಾಗಿ ಡ್ರಮ್ಮಿನ ಪಕ್ಕದ ತಂಪಿನಲ್ಲಿ, ಮೇಲೊಂದು ಹಳೆಯ ಪಂಚೆ ಹೊದೆಸಿ! ಯಾರಾದರೂ ದಡದಡ ನಡೆದರೆ, “ಮೆಲ್ಲಗೆ! ಕದಡೋಯ್ತದೆ!” ಎನ್ನುತ್ತಿದ್ದರು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: “ಒಳಗೆ ಬಾಣಂತಿ ಯಾರವ್ವಾ?”

ಸಂಜೆ ಊರಲ್ಲೆಲ್ಲ ಕರೆಂಟು ಹೋದಾಗ ಅವರ ಮುಖ ನೋಡಬೇಕಿತ್ತು! ಟಿವಿ, ಮಿಕ್ಸಿ, ನೀರಿನ ಮೋಟಾರು ಎಲ್ಲವೂ ಒಟ್ಟಿಗೇ ಬಾಯಿ ಮುಚ್ಚುತ್ತಿದ್ದವು. ಇವರ ಹಾಡೊಂದೇ ಜಗಲಿ ಇಳಿದು, ಹತ್ತಿ ಹೊಲದ ಮೇಲೆ ಹಾದು, ಕಾಡಂಚಿನ ಮಂಜಿನೊಳಗೆ ಮೆಲ್ಲಗೆ ನಡೆದುಹೋಗುತ್ತಿತ್ತು. ಇವರು ಕಣ್ಣು ಮುಚ್ಚಿ ಅದರ ಹಿಂದೆಯೇ ಹೊರಟುಬಿಡುತ್ತಿದ್ದರು. ಗೋಡೆಗೆ ಒರಗಿ ಕೂತ ನನಗೂ ಎಲ್ಲಿದ್ದೇನೆಂಬುದು ಮರೆತುಹೋಗುತ್ತಿತ್ತು. ಒಲೆಯ ಮೇಲಿನ ಸಾರು ಮಾತ್ರ ನನ್ನನ್ನು ಮರೆಯುತ್ತಿರಲಿಲ್ಲ, ಸೀದು ಕರೆಯುತ್ತಿತ್ತು!

ಕರೆಂಟು ಬಂದ ಕೂಡಲೇ ನನಗೆ ಪರೀಕ್ಷೆ. ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ನನ್ನ ಕಿವಿಯ ಹತ್ತಿರವೇ ನಿಂತು ಶುರುಮಾಡುತ್ತಿದ್ದರು: “ಕೇಳ್ತಾ? ಗುಂಯ್ ಅಂತ, ಸಣ್ಣಗೆ? ಸರ್ಯಾಗ್ ಕೇಳೇ! ಈಗ? ಈಗ್ಲಾದ್ರೂ?”

“ಇಲ್ಲ ಕಣ್ರೀ.”

ಮುಖ ಸಣ್ಣದು ಮಾಡಿಕೊಂಡು ಪ್ಲಗ್ಗು ಕೀಳುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ಹೋದರು. ತಮ್ಮ ಬ್ಯಾಟರಿಯನ್ನು ಮತ್ತೆ ಟ್ರ್ಯಾಕ್ಟರಿಗೆ ಹಾಕಿದ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಮನೆಯಲ್ಲಿ ಏನಾದರೊಂದು ಸದ್ದಿರಲಿ ಎಂದು ಪೆಟ್ಟಿಗೆಯ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಹಾಡು ಇನ್ನೂ ಹಾಕಿರಲಿಲ್ಲ.

ಗುಂಯ್.

ಸಣ್ಣಗೆ, ದೂರದಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ. ಇಷ್ಟು ವರ್ಷ ಇದು ಎಲ್ಲಿತ್ತು? ಇಲ್ಲೇ ಇತ್ತು. ಪ್ಲಗ್ಗು ಹಾಕಿದಾಗಲೆಲ್ಲ ಅವರು ‘ಕೇಳ್ತಾ, ಕೇಳ್ತಾ’ ಎಂದು ಮಾತಾಡುತ್ತಲೇ ಇರುತ್ತಿದ್ದರಲ್ಲ, ಆ ದನಿಯನ್ನು ದಾಟಿ ನನ್ನ ಕಿವಿಗೆ ಬರಲು ಇದಕ್ಕೆ ದಾರಿಯೇ ಇರಲಿಲ್ಲ.

“ಅದೆ ಕಣ್ರೀ!” ಎಂದು ಜಗಲಿಯ ಕಡೆಗೆ ಕೂಗಿಬಿಟ್ಟೆ. “ಹೂಂ, ಕೇಳ್ತಾ ಅದೆ!”